ಗಂಗಮ್ಮನ ಪಾಲಿನ ಕೆಂಬೇರಿ

ನೀರಿಲ್ಲದ ಊರಿನವರಿಗೆ ನೀರಿನ ಬಗ್ಗೆ ಇರುವಷ್ಟು ತಿಳಿವಳಿಕೆ ನೀರಿರುವ ಊರಿನವರಿಗೆ ಇರುವುದಿಲ್ಲ. ಇದು ನನ್ನ ಬಹುಕಾಲದ ಅಭಿಪ್ರಾಯ. ಕೋಲಾರದಲ್ಲಿ ಯಾರನ್ನೇ ನಿಲ್ಲಿಸಿ ಕೇಳಿ, ಯಾರ ಕೊಳವೆಬಾವಿ ಎಷ್ಟು ಆಳ, ಯಾವ ಬೀದಿಗೆ ಯಾವಾಗ ನಲ್ಲಿ ಬರುತ್ತದೆ, ಯಾವ ಕೆರೆಯ ತೂಬಿನ ತನಕ ನೀರು ನಿಂತಿದೆ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವರನ್ನು ಅದು ಎಷ್ಟು ಆಳವೆಂದು ಕೇಳಿ ನೋಡಿ, “ಉಂಟು, ತುಂಬ ಉಂಟು” ಎಂದು ಸುಮ್ಮನಾಗಿಬಿಡುತ್ತಾರೆ. ಈ ತಿಳಿವಳಿಕೆಯ ಧೈರ್ಯದ ಮೇಲೆಯೇ ಇರಬೇಕು, ಈಜು ಬಾರದ, ದೋಣಿಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ನಾನು, ಸಮುದ್ರಕ್ಕೆ ಹೋಗಿ ಗಾಳ ಹಾಕಿ ಮೀನು ಹಿಡಿದು ತರುತ್ತೇನೆಂದು ನಮ್ಮತ್ತೆಗೆ ಮಾತು ಕೊಟ್ಟುಬಿಟ್ಟೆ.

ನಮ್ಮತ್ತೆಗೆ ಮಾತು ಕೊಡುವುದೆಂದರೆ ಸಾಮಾನ್ಯವಲ್ಲ. ಅವರು ದೇವರಾಯಸಮುದ್ರದವರು. ಕೆರೆಯ ಏರಿಯ ಕೆಳಗೇ ಮನೆ. ಮೀನಿನ ವಿಷಯದಲ್ಲಿ ಅವರ ನಾಲಿಗೆಗೆ ಮೋಸ ಮಾಡಿದವರು ಈವರೆಗೆ ಹುಟ್ಟಿಲ್ಲ. ಹಲ್ಲೆಲ್ಲ ಬಿದ್ದು ಹೋಗಿದ್ದರೂ ಬಾಯಿಗಿಟ್ಟ ಕೂಡಲೇ ಇದು ಗೆಂಡೆ, ಇದು ಜಿಲೇಬಿ ಮೀನು, ಇದು ಕೆಸರಲ್ಲಿ ಮಲಗಿದ್ದದ್ದು, ಇದು ಹರಿವ ನೀರಿನದ್ದು ಎಂದು ವಿಂಗಡಿಸಿಬಿಡುತ್ತಾರೆ. ವ್ಯಾನಿನಲ್ಲಿ ಬೀದಿಗೆ ಬರುವ ಸಮುದ್ರದ ಮೀನನ್ನು ಮಾತ್ರ ಮುಟ್ಟುವುದಿಲ್ಲ. ಅದಕ್ಕೆ ಸತ್ತ ಮೇಲೂ ಚಳಿ ಬಿಟ್ಟಿಲ್ಲವೆಂದು ಅವರ ಆಕ್ಷೇಪ. ನಾನು ಗೆಳತಿಯರ ಜೊತೆ ಕರಾವಳಿಗೆ ಹೊರಟಿದ್ದೇನೆಂದು ತಿಳಿದಾಗ ಅವರು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಹೇಳಿದ್ದಿಷ್ಟೇ: “ಅಮ್ಮಣ್ಣಿ, ಕೊಂಡಿದ್ದು ಬ್ಯಾಡ. ನಿನ್ನ ಕೈಲಿ ಹಿಡಿದಿದ್ದು ಒಂದೇ ಒಂದು ತಕಂಬಾ. ಸಮುದ್ರದ್ದು ಎಂಗಿರ್ತದೋ ಒಂದ್ಸಲ ನೋಡ್ಬುಡ್ತೀನಿ.” ಆ “ಒಂದ್ಸಲ” ಎಂಬ ಮಾತಿನಲ್ಲಿ ಅವರ ವಯಸ್ಸೆಲ್ಲ ಇತ್ತು. ನಾನು ಹೂಂ ಅಂದೆ. ಪೇಪರಿನ ಹಿಂದೆ ಇದ್ದ ನಮ್ಮ ಯಜಮಾನರು, ಬಕೆಟ್ಟಿನಲ್ಲಿ ಬಿಟ್ಟುಕೊಟ್ಟರೂ ನಿನ್ನ ಕೈಲಿ ಮೀನು ಹಿಡಿಯೋಕಾಗಲ್ಲ ಎಂದರು. ಅದಾದ ಮೇಲೆ ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಕರೆದವಳು ಲೀನಾ. ನಾವು ಮೂವರು, ಲೀನಾ, ಸುಜಾತಾ ಮತ್ತು ನಾನು, ಕೋಲಾರದ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಲೀನಾ ಮದುವೆಯಾಗಿ ಕರಾವಳಿ ಸೇರಿದಳು. ಸುಜಾತಾ ನಂಗಲಿಯಲ್ಲಿ ಹೆದ್ದಾರಿ ಪಕ್ಕದ ಹೋಟೆಲು ನೋಡಿಕೊಳ್ಳುತ್ತಾಳೆ. ಲಾರಿಯವರ ಜೊತೆ ಮಾತಾಡಿ ಮಾತಾಡಿ ಅವಳ ಕನ್ನಡಕ್ಕೆ ಮೊದಲೇ ಇದ್ದ ತೆಲುಗು ಈಗ ಇನ್ನಷ್ಟು ಹದವಾಗಿದೆ. ಲೀನಾಳ ಮೈದುನ ಹೆನ್ರಿಗೆ ಸ್ವಂತ ದೋಣಿಯಿದೆ, ದಡದಿಂದ ಕಾಣುವಷ್ಟು ದೂರದಲ್ಲಿ ಒಂದು ಪುಟ್ಟ ಮರಳು ದ್ವೀಪವಿದೆ, ಅಲ್ಲಿ ಹೋಗಿ ಇಡೀ ದಿನ ಮೀನು ಹಿಡಿಯೋಣ ಎಂದು ಅವಳು ಫೋನ್ ಮಾಡಿದಾಗ ನನಗೆ ನೆನಪಾದದ್ದು ಭೂಗೋಳದ ಸಿಸ್ಟರ್. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಮಿಗೆ ದ್ವೀಪವೆನ್ನುತ್ತಾರೆ ಎಂದು ಅವರು ನಮ್ಮಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ನಮ್ಮ ಕಡೆ ನೀರು ಇಳಿದಾಗ ದ್ವೀಪ ಹುಟ್ಟುತ್ತದೆ. ಬೇಸಿಗೆಯಲ್ಲಿ ಕೆರೆಯ ನಡುವೆ ಮೊದಲು ಒಂದು ದಿಬ್ಬ ಎದ್ದು, ಅದರ ಮೇಲೆ ಎಮ್ಮೆಯೊಂದು ನಿಂತು, ಕೊನೆಗೆ ನೀರೇ ದ್ವೀಪವಾಗಿ ಉಳಿಯುತ್ತದೆ. ಇದನ್ನು ಸಿಸ್ಟರಿಗೆ ಹೇಳಿದರೆ ಅವರು ನಕ್ಕು, ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೀಬೇಡ ಎಂದಿದ್ದರು.

ದೋಣಿಯಲ್ಲಿ ಕೂತ ಮೇಲೆ ನನ್ನ ಧೈರ್ಯ ದಡದಲ್ಲೇ ಇಳಿದುಕೊಂಡಿತೆಂದು ತಿಳಿಯಿತು. ಹೆನ್ರಿ ಒಳ್ಳೆಯ ಮಾತುಗಾರರು. ಅವರ ಅಂಗಿಯ ಗುಂಡಿಗಳಲ್ಲಿ ಒಂದನ್ನು ಮಾತ್ರ ಹಸಿರು ದಾರದಲ್ಲಿ ಹೊಲಿದಿದ್ದರು. ದೋಣಿ ಏರಿಳಿಯುವಾಗ ನೀರು ನೋಡಬಾರದೆಂದು ನಾನು ದಾರಿಯುದ್ದಕ್ಕೂ ಆ ಗುಂಡಿಯನ್ನೇ ನೋಡುತ್ತ ಕೂತೆ. ಅವರು ಅದನ್ನು ತಮ್ಮ ಮಾತಿನ ಮೇಲಿನ ಆಸಕ್ತಿಯೆಂದು ತಿಳಿದು ತಾವು ಹಿಡಿದ ದೊಡ್ಡ ದೊಡ್ಡ ಮೀನುಗಳ ಕಥೆ ಶುರುಮಾಡಿದರು. ಒಂದು ಮುಗಿಯುವ ಮೊದಲೇ ಅದಕ್ಕಿಂತ ದೊಡ್ಡದು ಬರುತ್ತಿತ್ತು. ಸುಜಾತಾ ನನ್ನ ಕಿವಿಯಲ್ಲಿ, ಇಷ್ಟು ಮೀನು ಇವರೇ ಹಿಡಿದಿದ್ದರೆ ನಮಗೆ ಉಳಿದಿರೋದು ನೀರೇ ಕಣೇ ಎಂದಳು.

ದ್ವೀಪ ಸಣ್ಣದು. ಒಂದು ಕಡೆ ಬಿಳಿ ಮರಳು, ಇನ್ನೊಂದು ಕಡೆ ಕಪ್ಪು ಬಂಡೆ, ನಡುವೆ ಗಾಳಿಗೆ ಒಂದೇ ಕಡೆ ಬಾಗಿದ ನಾಲ್ಕಾರು ಗಿಡ. ಬರಿಗಾಲಿಟ್ಟರೆ ಮರಳು ಜರಡಿ ಹಿಡಿದ ರವೆಯ ಹಾಗಿತ್ತು. ಲೀನಾ ಗಂಜಿಗೆ ನೀರಿಟ್ಟಳು. ನಾವಿಬ್ಬರೂ ಬಂಡೆಯ ಮೇಲೆ ಗಾಳ ಹಿಡಿದು ಕೂತೆವು. ಗಾಳದ ದಾರಕ್ಕೆ ಕೊಕ್ಕೆ ಕಟ್ಟುವುದರಲ್ಲಿ ನನಗೆ ತೊಂದರೆಯಾಗಲಿಲ್ಲ; ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಕಲಿತ ಗಂಟು ಅದು, ಬಿಚ್ಚಬೇಕಾದರೆ ಕತ್ತರಿಯೇ ಬೇಕು. ತೊಂದರೆಯಾದದ್ದು ಎರೆಯಲ್ಲಿ. ನಮ್ಮ ಕೆರೆಗಳಲ್ಲಿ ಗಾಳಕ್ಕೆ ರಾಗಿಹಿಟ್ಟಿನ ಉಂಡೆ ಚುಚ್ಚುತ್ತಾರೆ. ಸುಜಾತಾ ನಂಗಲಿಯಿಂದಲೇ ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ ಬೇಯಿಸಿ ಡಬ್ಬಿಯಲ್ಲಿ ತಂದಿದ್ದಳು. ಕೆರೆಯ ಮೀನುಗಳು ಅದಕ್ಕೆ ಮುಗಿಬೀಳುತ್ತವೆ. ಸಮುದ್ರದ ಮೀನುಗಳಿಗೆ ಮುದ್ದೆ ಹಿಡಿಸಲಿಲ್ಲ. ಅಲೆಯೊಂದು ಬಂದರೆ ಉಂಡೆ ಕರಗಿ ಅಂಬಲಿಯಾಗುತ್ತಿತ್ತು. ನಾವು ಹೊಸದು ಚುಚ್ಚುತ್ತಿದ್ದೆವು. ಹೆನ್ರಿ ಕೊನೆಗೆ, ಸಮುದ್ರಕ್ಕೆ ಊಟ ಹಾಕುವುದು ಮುಗಿದಿದ್ದರೆ ಇದನ್ನು ಚುಚ್ಚಿ ಎಂದು ಸಿಗಡಿ ಕೊಟ್ಟರು. ಅದನ್ನು ಚುಚ್ಚಿಯೂ ಏನೂ ಸಿಗಲಿಲ್ಲ. ಗಂಜಿ ಉಂಡೆವು, ಉಪ್ಪಿನಕಾಯಿ ನೆಂಜಿಕೊಂಡೆವು, ಹಳೆಯ ಸಿಸ್ಟರುಗಳ ನಡಿಗೆ ಅಣಕಿಸಿ ನಕ್ಕೆವು. ಮೀನೊಂದನ್ನು ಬಿಟ್ಟು ಮಿಕ್ಕೆಲ್ಲ ಸುಖವಾಗಿತ್ತು. ಆದರೆ ಪ್ರತಿ ನಗುವಿನ ಕೊನೆಯಲ್ಲಿ ನನಗೆ ಎಲೆಯಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು.

ಬಿಸಿಲು ಇಳಿಯತೊಡಗಿದಾಗ, ಹೆನ್ರಿ ಇನ್ನು ಹೊರಡೋಣ ಎನ್ನುವ ಹೊತ್ತಿಗೆ, ನನ್ನ ದಾರ ಜಗ್ಗಿತು. ಬಂಡೆಗೆ ಸಿಕ್ಕಿಕೊಂಡಿತೆಂದು ನಾನು ಬೈದುಕೊಂಡು ಎಳೆದೆ. ಅದು ನನ್ನನ್ನು ಎಳೆಯಿತು. ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ನೀರಿನಲ್ಲಿ ಮೊಣಕಾಲವರೆಗೆ ಇಳಿದಿದ್ದೆ, ಸೀರೆಯ ನೆರಿಗೆ ಎಲ್ಲಿತ್ತೋ ತಿಳಿಯದು, ಎರಡೂ ಕೈಯಲ್ಲಿ ಒಂದು ಮೀನಿತ್ತು. ಕೆಂಪು ಬಣ್ಣದ್ದು, ಅಂಗೈಗಿಂತ ಉದ್ದ, ಕುಂಕುಮದ ಭರಣಿಯಲ್ಲಿ ಹೊರಳಿ ಎದ್ದುಬಂದಂತೆ. ಕೆಂಬೇರಿ, ಒಳ್ಳೆಯ ಜಾತಿ ಎಂದು ಹೆನ್ರಿ ಕೊಕ್ಕೆ ಬಿಡಿಸಿಕೊಟ್ಟರು. ಮೀನಿನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಅದಕ್ಕೂ ನನ್ನ ಮೇಲೆ ಅಷ್ಟೇ ಆಶ್ಚರ್ಯವಾದಂತಿತ್ತು. ಲೀನಾ ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಆಗ ಸುಜಾತಾ ಬಂಡೆಯ ಮೇಲಿಂದ ನಿಧಾನವಾಗಿ ಹೇಳಿದಳು: “ಮೊದಲನೇದು ಕಣೇ ಅದು.”

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕೆರೆಗೆ ಬಲೆ ಬಿಡುವ ದಿನ ಮೊದಲು ಸಿಕ್ಕ ಮೀನಿಗೆ ಅರಿಶಿನ ಕುಂಕುಮ ಹಚ್ಚಿ, ಏರಿ ಕೆಳಗಿನ ಮನೆಯ ಹೆಂಗಸೊಬ್ಬಳು ಅದನ್ನು ವಾಪಸು ನೀರಿಗೆ ಬಿಡುತ್ತಾಳೆ. ಮೊದಲನೇದು ಗಂಗಮ್ಮನ ಪಾಲು. ಅದಾದ ಮೇಲೇ ಬುಟ್ಟಿ ತುಂಬುವುದು. ದೇವರಾಯಸಮುದ್ರದಲ್ಲಿ ವರ್ಷಾನುಗಟ್ಟಲೆ ಆ ಮೀನು ಬಿಟ್ಟ ಕೈ ನಮ್ಮತ್ತೆಯದೇ. ಆದರೆ ಅಲ್ಲಿ ಬಲೆಯೊಳಗೆ ಇನ್ನೂ ರಾಶಿ ಮೀನು ಕಾಯುತ್ತಿರುತ್ತದೆ, ಒಂದು ಬಿಟ್ಟರೆ ಏನೂ ಹೋಗುವುದಿಲ್ಲ. ನನ್ನ ಕೈಯಲ್ಲಿದ್ದುದು ಒಂದೇ, ಹೊತ್ತೂ ಮುಳುಗುತ್ತಿತ್ತು. ಇದು ಕೆರೆಯಲ್ಲವಲ್ಲ ಎಂದೆ. “ಊರುಕೋ, ಸುಮ್ಕಿರು ಕಣೇ, ಕೆರೆ ನೀರೂ ಗಂಗಮ್ಮನೇ, ಇದೂ ಗಂಗಮ್ಮನೇ. ನಿಮ್ಮತ್ತೆ ಮೊದ್ಲು ಕೇಳೋದೇ ಅದು, ಮೊದಲನೇದು ಬಿಟ್ಟೆಯಾ ಅಂತ” ಎಂದಳು ಸುಜಾತಾ. ಅದು ನಿಜ. ಲೀನಾ, ಪಾಪ, ಮುದುಕಿಗೆ ತಿನ್ನಿಸೋದೂ ಪುಣ್ಯವೇ ಎಂದಳು. ಅದೂ ನಿಜ. ಹೆನ್ರಿ ನಮ್ಮ ಮಾತಿನಿಂದ ಬೆಪ್ಪಾಗಿ, “ಬಿಡಿ ಮಾರಾಯ್ರೆ, ಕೆಂಬೇರಿ ಒಂದು ಬಂದ್ರೆ ಹಿಂದೆ ಹಿಂಡೇ ಬರ್ತದೆ” ಎಂದರು. ಅವರ ಉಳಿದ ಕಥೆಗಳ ಹಾಗೆ ಇದನ್ನೂ ನಂಬಬಾರದಿತ್ತು.

ನಾನು ನೀರಿನಲ್ಲಿ ನಿಂತು ಯೋಚಿಸಿದೆ. ಬಿಟ್ಟರೆ ಅತ್ತೆಯ ಆಸೆ ಹೋಯಿತು, ಇಟ್ಟುಕೊಂಡರೆ ಅತ್ತೆಯ ನೇಮ ಹೋಯಿತು. ಲೀನಾ ಯಾವುದಕ್ಕೂ ಇರಲೆಂದು ಫೋಟೋಗೆ ಫೋನು ಎತ್ತಿ, ಸ್ವಲ್ಪ ಮೇಲೆ ಹಿಡಿ ಎಂದಳು. ಮೇಲೆ ಹಿಡಿದೆ. ಮೀನು ಬೆನ್ನಿನ ಮುಳ್ಳೆತ್ತಿ ಒಮ್ಮೆ ಹೊರಳಿತು. ಬೆರಳಿಗೆ ಚುರುಕ್ಕೆಂದಿತು. ನೀರು ಸಣ್ಣಗೆ ಸದ್ದು ಮಾಡಿತು.

ನಾನು ಬಿಟ್ಟೆನೋ, ಅದೇ ಹೋಯಿತೋ, ಇವತ್ತಿಗೂ ಇತ್ಯರ್ಥವಾಗಿಲ್ಲ. ಸುಜಾತಾ ನಾನು ಬಿಟ್ಟೆನೆಂದು ಯಾವ ದೇವರ ಮುಂದಾದರೂ ಪ್ರಮಾಣ ಮಾಡುತ್ತಾಳೆ. ಲೀನಾ ಜಾರಿತು ಎನ್ನುತ್ತಾಳೆ. ಮುಳ್ಳು ಚುಚ್ಚುವುದಕ್ಕಿಂತ ಒಂದು ಕ್ಷಣ ಮೊದಲು ನನ್ನ ಬೆರಳು ಸಡಿಲವಾಗಿತ್ತು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ, ಊಟ ಚೆನ್ನಾಗಿ ಆದ ದಿನಗಳಲ್ಲಿ ಮುಖ್ಯವಾಗಿ. ಹಿಂಡು ಬರಲಿಲ್ಲ. ಬಂದರಿನಲ್ಲಿ ಅದೇ ಕೆಂಬೇರಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದು ಕೊಂಡುಬಿಡು, ಮೀನು ಮೀನೇ ಎಂದು ಲೀನಾ ಹೇಳಿದಾಗ ನಾನು ನಿಂತು ನೋಡಿದ್ದೂ ಉಂಟು. ಆದರೆ ಅತ್ತೆ ಮೊದಲು ಮೀನಿನ ಬಾಯಿ ಅಗಲಿಸಿ ಗಾಳದ ಗಾಯ ಹುಡುಕುತ್ತಾರೆ. ಬಲೆಗೆ ಬಿದ್ದದ್ದು ಯಾವುದು, ಗಾಳ ನುಂಗಿದ್ದು ಯಾವುದು ಎಂದು ಕೆರೆ ಕೆಳಗೆ ಬಾಳಿದವರಿಗೆ ಹೇಳಿಕೊಡಬೇಕೆ? ಪೆಟ್ಟಿಗೆಯ ಐಸನ್ನು ಅಲ್ಲೇ ಚೆಲ್ಲಿ, ಒದ್ದೆ ಸೀರೆ ತುಂಬಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅತ್ತೆ ಹುಣಸೆಹಣ್ಣು ನೆನೆಸಿಟ್ಟು, ಮಸಾಲೆ ರುಬ್ಬಿಸಿ ಕಾಯುತ್ತಿದ್ದರು. ಪೆಟ್ಟಿಗೆ ತೆರೆದಾಗ ಒಳಗೆ ಕಂಡದ್ದು ಸೀರೆ. ಅವರ ಮುಖ ಸಣ್ಣಗಾದದ್ದು ನೋಡಿ ನಾನು ಲೀನಾ ಕಳಿಸಿದ್ದ ಫೋಟೋ ತೋರಿಸಿದೆ. ಅದರಲ್ಲಿ ಮೀನಿರಲಿಲ್ಲ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ತಲೆ ಬಾಗಿತ್ತು, ಎರಡು ಅಂಗೈಯೂ ನೀರಿನ ಕಡೆ ಚಾಚಿಕೊಂಡಿದ್ದವು. ಕೆಳಗೆ ನೀರಿನಲ್ಲಿ ಒಂದು ಉಂಗುರ. ಅತ್ತೆ ಕನ್ನಡಕ ತರಿಸಿದರು. ಆ ಉಂಗುರದ ಮೇಲೆ ಬೆರಳಿಟ್ಟರು.

“ಮೊದಲನೇದು ಬಿಟ್ಟೆಯಾ ಅಮ್ಮಣ್ಣಿ?”

ಎರಡನೆಯದು ಸಿಗಲಿಲ್ಲ ಅತ್ತೆ ಎಂದೆ. ಅದು ಸುಳ್ಳಲ್ಲವಲ್ಲ. ಯಜಮಾನರು ಫೋನು ಈಸಿಕೊಂಡು, ಚಿತ್ರ ದೊಡ್ಡದು ಮಾಡಿ, ಬಾಯಿ ಯಾಕೆ ಇಷ್ಟು ತೆರೆದಿದೆ ಎಂದು ಕೇಳಿದರು. “ಗಂಗಮ್ಮನ್ನ ಕರೀತಾವ್ಳೆ ಕಣಪ್ಪ” ಎಂದು ಅತ್ತೆಯೇ ಉತ್ತರ ಕೊಟ್ಟರು. ಮುಳ್ಳು ಚುಚ್ಚಿದಾಗ ನಾನು ಕರೆದದ್ದು ಯಾರನ್ನೆಂದು ಸುಜಾತಾಳಿಗೂ ಲೀನಾಳಿಗೂ ಗೊತ್ತು. ಅದು ಇಲ್ಲಿ ಬರೆಯುವಂಥದ್ದಲ್ಲ. ಅತ್ತೆ ರುಬ್ಬಿದ ಮಸಾಲೆಗೆ ಬದನೆಕಾಯಿ ಹಾಕಿಸಿ, ಎರಡು ಸಲ ಬಡಿಸಿಕೊಂಡು ಉಂಡರು. ಸಮುದ್ರದ ಮೀನು ಹೇಗಿರುತ್ತದೆಂದು ಕೇಳಲಿಲ್ಲ, ಅದರ ಬಣ್ಣ ಯಾವುದಿತ್ತೆಂದು ಮಾತ್ರ ಕೇಳಿದರು. ಕೆಂಪು ಎಂದೆ. ಗಂಗಮ್ಮನ ಬಣ್ಣವೇ ಅದು ಎಂದು ತಲೆದೂಗಿದರು.

ಈಗ ಸಂಗತಿ ಬೇರೆ ಕಡೆ ತಿರುಗಿದೆ. ಕೆರೆಗಳಿಗೆ ನೀರು ಬಂದ ಮೇಲೆ ದೇವರಾಯಸಮುದ್ರದಲ್ಲಿ ಮತ್ತೆ ಬಲೆ ಬಿಡುವ ಮಾತು ನಡೆದಿದೆ. ಅತ್ತೆಗೆ ಈಗ ಕೈ ನಡುಗುತ್ತದೆ. ಈ ಸಲ ಮೊದಲ ಮೀನನ್ನು ನಮ್ಮ ಸೊಸೆ ಬಿಡುತ್ತಾಳೆ, ಸಮುದ್ರಕ್ಕೇ ಬಿಟ್ಟು ಬಂದವಳು ಎಂದು ಅವರು ಊರಿಗೆಲ್ಲ ಹೇಳಿ ಕಳಿಸಿದ್ದಾರೆ. ಊರಿನವರು ಒಪ್ಪಿದ್ದಾರೆ. ಸುಜಾತಾ ನೋಡಲು ಬರುತ್ತಾಳಂತೆ. ನಾನೂ ಸಂತೋಷದಿಂದಲೇ ಇದ್ದೇನೆ, ಹಸಿರು ಸೀರೆಗೆ ಫಾಲ್ ಹೊಲಿಯುತ್ತಿದ್ದೇನೆ. ಚಿಂತೆ ಒಂದೇ. ಕೆರೆಯ ಗೆಂಡೆಗೆ ಅಂಥ ಮುಳ್ಳಿಲ್ಲ, ಅದು ಸಾಧು. ಜಾರಿಹೋದರೆ ಪರವಾಗಿಲ್ಲ, ಯಾರಿಗೂ ತಿಳಿಯುವುದಿಲ್ಲ. ಅಕಸ್ಮಾತ್ ಕೈಯಲ್ಲೇ ಸುಮ್ಮನೆ ಮಲಗಿಬಿಟ್ಟರೆ, ನಾನಾಗಿಯೇ ಬಿಡುವುದು ಹೇಗೆಂದು ನಾನಿನ್ನೂ ಕಲಿಯಬೇಕಾಗಿದೆ.