ಮಹಾರಾಣಿಯ ಕುದುರೆ ಮತ್ತು ದನದ ಡಾಕ್ಟರು

ದನದ ಡಾಕ್ಟರಾಗಿದ್ದವನಿಗೆ ಫಜೀತಿಯ ಪ್ರಸಂಗಗಳ ಬರ ಎಂದೂ ಬರುವುದಿಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಅಂತ ಸರಕಾರ ಒಗೆದಲ್ಲೆಲ್ಲ ಹೋಗಿ ಬಿದ್ದು, ಕೊನೆಗೆ ಸವದತ್ತಿಯಲ್ಲಿ ನಿವೃತ್ತನಾದಾಗ, ಒದೆಯುವ ಎಮ್ಮೆ, ಹಾಯುವ ಹೋರಿ ಎಲ್ಲ ಇಲ್ಲಿಗೆ ಮುಗಿದವು, ಇನ್ನು ಟೀವಿ ಮುಂದೆ ಕಾಲು ಚಾಚಿ ಕೂಡುವುದೊಂದೇ ಕೆಲಸ ಅಂದುಕೊಂಡಿದ್ದೆ. ಟೀವಿಯೂ ಒದೆಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ದಿನಾ ಸಂಜೆ ಏಳೂವರೆಗೆ ಒಂದು ಐತಿಹಾಸಿಕ ಧಾರಾವಾಹಿ ಬರುತ್ತದೆ. ನಮ್ಮ ಸೀಮೆಯ ಒಂದು ಸಣ್ಣ ಸಂಸ್ಥಾನ, ಅದನ್ನಾಳುವ ವಿಧವೆ ರಾಣಿ, ಸತ್ತ ರಾಜ ಏರುತ್ತಿದ್ದ ಬಿಳಿ ಕುದುರೆ. ಕುದುರೆಯ ಹೆಸರು ವೀರಮಾರುತ. ಮೊದಲೆರಡು ಸೀಸನ್ ಏನು ಚೆಂದ ಇತ್ತು ಅಂತೀರಿ! ರಾಣಿ ಒಲೆ ಮುಂದೆ ಕೂತು ರೊಟ್ಟಿ ಬಡಿದರೆ ಸಪ್ಪಳ ನಮ್ಮ ಅಡುಗೆಮನೆಯಿಂದಲೇ ಬಂತು ಅನ್ನಿಸುತ್ತಿತ್ತು. ಆಳನ್ನು ಕರೆಯುವಾಗ "ಏ, ಬಾ ಇಲ್ಲೆ" ಅನ್ನುತ್ತಿದ್ದಳು. ಮೂರನೆಯ ಸೀಸನ್ನಿಗೆ ಅದೇನು ಗಾಳಿ ಬಡಿಯಿತೋ! ರಾಣಿಯ ತುಟಿಗೆ ಬಣ್ಣ ಬಂತು, ಬಾಯಿಗೆ ವಾರ್ತೆ ಓದುವವರ ಭಾಷೆ ಬಂತು, ರೊಟ್ಟಿ ಹೋಗಿ ಹಣ್ಣಿನ ತಟ್ಟೆ ಬಂತು. ನಾನು ದಿನಾ ಬೈಯುತ್ತೇನೆ. ದಿನಾ ನೋಡುತ್ತೇನೆ.

ರಾಣಿ ತಿರುಗಿದ್ದು

ಒಂದು ಸೋಮವಾರ ದೂತ ಓಡಿ ಬಂದು, "ಮಹಾರಾಣೀ, ಶತ್ರುಗಳು ನದಿ ದಾಟಿದ್ದಾರೆ!" ಅಂದ. ರಾಣಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಈಗ ಆಕೆ ತಿರುಗಿ ನೋಡಬೇಕು. ಕ್ಯಾಮೆರಾ ಬಲದಿಂದ ಬಂತು, ಎಡದಿಂದ ಬಂತು, ತೊಲೆಯ ಮೇಲಿಂದಲೂ ಇಳಿಯಿತು. ಒಬ್ಬೊಬ್ಬ ಆಳಿನ ಮುಖವನ್ನೂ ಮೂರು ಮೂರು ಸಲ ತೋರಿಸಿದರು. ಸಂಗೀತವಂತೂ ಡಗಡಗ ಡಗಡಗ ಅಂತ ನಮ್ಮ ಕಪಾಟಿನ ಗಾಜನ್ನು ಅದುರಿಸಿತು. ರಾಣಿ ಮಾತ್ರ ತಿರುಗಲಿಲ್ಲ. ಮಂಗಳವಾರವೂ ಅದೇ ಕಿಟಕಿ, ಅದೇ ಬೆನ್ನು.

"ಈಕಿ ತಿರುಗೂದ್ರಾಗ ವೈರಿ ಧಾರವಾಡ ಮುಟ್ಟಿ, ಫೇಡೆ ತಿಂದು, ಮನಿಗೆ ಕಟ್ಟಿಸಿಕೊಂಡೂ ಹೋಗತಾನ," ಅಂದೆ.

"ನೀವು ಸುಮ್ಮ ಕುಂದರ್ರಿ," ಅಂದಳು ನಮ್ಮಾಕೆ.

ಬುಧವಾರ ಉಗರಗೋಳದಲ್ಲಿ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಇತ್ತು. ಹೋದೆ, ಉಂಡೆ, ಉಳಿದೆ. ಗುರುವಾರ ಸಂಜೆ ಮನೆಗೆ ಬಂದು, ಚಪ್ಪಲಿ ಕಳಚುತ್ತಲೇ ಕೇಳಿದೆ:

"ಏನೇನಾತು?"

ನಮ್ಮಾಕೆ ಟೀವಿಯಿಂದ ಕಣ್ಣು ಕೀಳಲಿಲ್ಲ. "ಛಲೋ ಟೈಮಿಗೆ ಬಂದ್ರಿ ನೋಡ್ರಿ. ಈಗ ತಿರುಗಾಕತ್ತಾಳ."

ದಿವಾನರು ಹೋದರು

ಅದೇ ಸೀಸನ್ನಿನಲ್ಲಿ ಮುದುಕ ದಿವಾನರಿಗೆ ಯಾರೋ ಹಾಲಿನಲ್ಲಿ ವಿಷ ಹಾಕಿಕೊಟ್ಟರು. ಇಡೀ ಸಂಸ್ಥಾನದಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ, ಅವನನ್ನೇ ತೆಗೆದರು. ನನಗೂ ಕೆಡುಕೆನಿಸಿತು, ಸುಳ್ಳು ಯಾಕೆ ಹೇಳಲಿ? ಆದರೆ ಮರುದಿನ ಅಡುಗೆಮನೆಯಲ್ಲಿ ಹೂರಣ ರುಬ್ಬುವ ಸಪ್ಪಳವೇ ಇಲ್ಲ. ಹೋಳಿಗೆ ಮಾಡುತ್ತೇನೆ ಅಂತ ನಮ್ಮಾಕೆ ಎರಡು ದಿನದಿಂದ ಹೇಳಿದ್ದಳು.

"ಹೋಳಗಿ ಎಲ್ಲೆ?" ಅಂದೆ.

"ನಿನ್ನೆ ಅಷ್ಟು ದೊಡ್ಡ ಮನಷ್ಯಾ ಹೋಗ್ಯಾನ. ಇವತ್ತ ಹೋಳಗಿ ತಿಂದ್ರ ಗಂಟಲದಾಗ ಇಳಿತೈತೇನ್ರೀ ನಿಮಗ?"

ಇಳಿಯುತ್ತಿತ್ತು, ಆದರೆ ಹೇಳುವ ಧೈರ್ಯವಾಗಲಿಲ್ಲ. ಅನ್ನ ಸಾರು ಉಂಡು ಸಂಜೆ ಟೀವಿ ಹಚ್ಚಿದರೆ, ನಡುವೆ ಬಂದ ಜಾಹೀರಾತಿನಲ್ಲಿ ಅದೇ ದಿವಾನ! ಪ್ಯಾಂಟು, ಟೀ-ಶರ್ಟು ಹಾಕಿಕೊಂಡು, ಮೊಮ್ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು, ಮೊಣಕಾಲಿಗೆ ಹಚ್ಚುವ ಎಣ್ಣೆ ಮಾರುತ್ತಿದ್ದಾನೆ.

"ನೋಡು! ನಿನ್ನ ದಿವಾನ ಗುಂಡಕಲ್ಲಿನಂಗ ಅದಾನ. ನಾಳೆ ಹೋಳಗಿ ಮಾಡು," ಅಂದೆ.

ನಮ್ಮಾಕೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಪಾಪ, ಬದುಕಿದ್ದಾಗ ಹೆಂಗ ನಗತಿದ್ದ ನೋಡ್ರೀ."

ನಿಧಾನ ಮಾಡಿದ್ದರ ಉಪಕಾರ

ಈ ಸೀಸನ್ನಿನಲ್ಲಿ ಎಲ್ಲವನ್ನೂ ನಿಧಾನ ಮಾಡಿ ತೋರಿಸುತ್ತಾರೆ. ರಾಣಿ ಮೆಟ್ಟಿಲು ಇಳಿದರೂ ನಿಧಾನ, ಸೆರಗು ಹಾರಿದರೂ ನಿಧಾನ. ಅದಕ್ಕೇ ಬೈಯುತ್ತ ಕೂತಿದ್ದ ಒಂದು ಮಂಗಳವಾರ, ವೀರಮಾರುತ ನಿಧಾನವಾಗಿ ಪಕ್ಕಕ್ಕೆ ತಿರುಗಿತು. ನಾನು ಕುರ್ಚಿಯ ತುದಿಗೆ ಬಂದೆ. ಹೊಟ್ಟೆ ಜೋತು ಕೆಳಗಿಳಿದಿದೆ. ಬಾಲದ ಬುಡ ಸಡಿಲಾಗಿದೆ. ಆಮೇಲೆ ನಿಧಾನವಾಗಿ ಒಂದು ಕಾಲು ಎತ್ತಿತು. ನನಗೆ ಕಾಣಬೇಕಾದದ್ದು ಕಂಡಿತು, ಇರಬೇಕಾದದ್ದು ಇರಲಿಲ್ಲ. ಹಿಂದಿನ ಎರಡು ಸೀಸನ್ನಿನ ಗಂಡು ಕುದುರೆ ಇದಲ್ಲವೇ ಅಲ್ಲ.

ಅಷ್ಟೊತ್ತಿಗೆ ಪರದೆಯ ತುಂಬ ರಾಣಿಯ ಮುಖ ಬಂದಿತ್ತು. ನಾನು ಅದನ್ನು ಗಮನಿಸದೆ ಎದ್ದು ನಿಂತು ಕೂಗಿದೆ: "ಏ, ಈಕಿಗೆ ದಿನಾ ತುಂಬ್ಯಾವ! ಇವತ್ತಿಲ್ಲ ನಾಳೆ ಹಡೀತಾಳ!"

ನಮ್ಮಾಕೆ ತುಟಿಗೆ ಒಯ್ಯುತ್ತಿದ್ದ ಚಹಾದ ಬಸಿ ಅಲ್ಲೇ ನಿಂತಿತು. "ಹುಚ್ಚ ಹಿಡದೈತೇನ್ರೀ? ಆಕಿ ಗಂಡ ಸತ್ತು ಎರಡು ಸೀಸನ್ ಆತಲ್ರೀ!"

ಮೂರನ್ನು ಒತ್ತಿ

ನಕ್ಕು ಬಿಡುತ್ತಿದ್ದೆ. ಆದರೆ ಅವತ್ತು ಕಂತು ಮುಗಿದ ಮೇಲೆ ಬಂದ ಮಾತು ಕೇಳಿ ನಗು ಆರಿತು: "ಈ ಶನಿವಾರ ಮಹಾಸಂಚಿಕೆ! ಮಹಾರಾಣಿಯನ್ನು ಹೊತ್ತು ಕೋಟೆಯ ಕಂದಕ ಜಿಗಿಯಲಿದ್ದಾನೆ ವೀರಮಾರುತ!"

ದಿನ ತುಂಬಿದ ಕುದುರೆಯನ್ನು ಕಂದಕ ಜಿಗಿಸಿದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಪರದೆಯ ಕೆಳಗೆ ಒಂದು ಫೋನ್ ನಂಬರು ಓಡುತ್ತಿತ್ತು. ಅದಕ್ಕೇ ಹಚ್ಚಿದೆ. ಒಬ್ಬ ಹುಡುಗಿ ಸಕ್ಕರೆಯಂಥ ದನಿಯಲ್ಲಿ, "ನಿಮ್ಮ ನೆಚ್ಚಿನ ಪಾತ್ರಕ್ಕೆ ಮತ ನೀಡಿ. ಮಹಾರಾಣಿಗಾಗಿ ಒಂದನ್ನು ಒತ್ತಿ. ಸೇನಾಪತಿಗಾಗಿ ಎರಡನ್ನು ಒತ್ತಿ. ವೀರಮಾರುತನಿಗಾಗಿ ಮೂರನ್ನು ಒತ್ತಿ," ಅಂದಳು.

"ಅವ್ವಾ, ನಾ ರಿಟೈರ್ಡ್ ಡಾಕ್ಟರ್ ಮಾತಾಡೂದು. ಆ ಕುದುರಿ ಗಬ್ಬ ಐತಿ, ಅದನ್ನ ಜಿಗಿಸಬ್ಯಾಡ್ರಿ," ಅಂದೆ.

"ಮಹಾರಾಣಿಗಾಗಿ ಒಂದನ್ನು ಒತ್ತಿ," ಅಂದಳು.

ಅದು ಯಂತ್ರ ಅಂತ ತಿಳಿಯಲು ನನಗೆ ನಾಲ್ಕು ಸಲ ಬೇಕಾಯಿತು. ಕುದುರೆಯ ವಿಷಯ ಅಂದಮೇಲೆ ಕುದುರೆಯ ಗುಂಡಿ ಒತ್ತಿದರೆ ಅಲ್ಲಾದರೂ ಒಬ್ಬ ಮನುಷ್ಯ ಸಿಕ್ಕಾನು ಅಂತ ಮೂರನ್ನು ಒತ್ತಿದೆ. "ಧನ್ಯವಾದಗಳು, ನಿಮ್ಮ ಮತ ದಾಖಲಾಗಿದೆ," ಅಂತ ಫೋನು ಕಟ್ಟಾಯಿತು.

"ಏನಂದ್ರು?" ಅಂತ ನಮ್ಮಾಕೆ ಕೇಳಿದಳು.

"ಓಟ್ ಹಾಕಿದೆ," ಅಂದೆ.

"ಪಾಪದ್ದು, ಜಿಗಿಯೂದು ಬಿಟ್ಟು ಇಲೆಕ್ಷನ್ನಿಗಾದ್ರೂ ನಿಲ್ಲಲಿ."

ಕಾಗದದ ಮೇಲಿನ ಗಂಡು

ಶೂಟಿಂಗ್ ತೊರಗಲ್ ಕೋಟೆಯಲ್ಲಿ ನಡೆಯುತ್ತಿದೆ, ಕಂದಕ ಜಿಗಿಯುವುದು ಇನ್ನೂ ಬಾಕಿ ಇದೆ ಅನ್ನುವುದು ರಾಮದುರ್ಗ ತಾಲೂಕಿಗೆಲ್ಲ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಹಳೆಯ ಚೀಲಕ್ಕೆ ಸಾಬೂನು, ಕೈಗವಸು, ಹಗ್ಗ ತುಂಬಿಕೊಂಡು ಬಸ್ ಹಿಡಿದೆ.

ಕೋಟೆಯ ಬಾಗಿಲಲ್ಲಿ ವೈರಿ ಸೈನ್ಯದವನೊಬ್ಬ ಈಟಿ ಅಡ್ಡ ಹಿಡಿದ. ಮುಖ ನೋಡಿದವನೇ ಈಟಿ ಬಗಲಲ್ಲಿಟ್ಟು ಕೈಮುಗಿದ. "ಡಾಕ್ಟರ್ ಸಾಹೇಬ್ರ! ನೀವು ಉಳಿಸಿದ ಎಮ್ಮಿ ಇನ್ನೂ ಹಿಂಡಾಕತ್ತೈತ್ರಿ. ಬರ್ರಿ, ಬರ್ರಿ." ಸುತ್ತಲಿನ ಹಳ್ಳಿಗಳ ರೈತರನ್ನೇ ಎರಡು ಪಾಲು ಮಾಡಿ ಎರಡು ಸೈನ್ಯ ಕಟ್ಟಿದ್ದರು.

ಬೇವಿನ ಗಿಡದ ಕೆಳಗೆ ವೀರಮಾರುತ ನಿಂತಿತ್ತು. ಪಕ್ಕದಲ್ಲಿ ಅದರ ಮಾಲೀಕ, ಬೈಲಹೊಂಗಲದ ಮುಸಲ್ಮಾನ, ಎಲ್ಲರ ಬಾಯಲ್ಲೂ ಸಾಹೇಬ. ಮದುವೆಯ ಮೆರವಣಿಗೆಗೆ ಕುದುರೆ ಕೊಡುವುದು ಅವನ ಕಸುಬು. ಹಿಂದಿನ ಗಂಡು ಕುದುರೆಯ ಕಾಲು ಉಳುಕಿದ್ದರಿಂದ, ಎರಡು ತಿಂಗಳ ಹಿಂದೆ ಸಂತೆಯಲ್ಲಿ ಕೊಂಡ ಇದನ್ನು ತಂದಿದ್ದ. ನಾನು ಕೆಚ್ಚಲು ಮುಟ್ಟಿದೆ. ತುದಿಯಲ್ಲಿ ಮೇಣದಂಥ ಹನಿ ಕಟ್ಟಿತ್ತು. ಹಾಗೆ ಕಟ್ಟಿದರೆ ಇನ್ನು ತಾಸುಗಳ ಲೆಕ್ಕ.

"ಯಾ ಅಲ್ಲಾ!" ಅಂತ ಸಾಹೇಬ ಹಣೆ ಹಿಡಿದುಕೊಂಡ. "ಶೂಟಿಂಗಿನವರು ಕಡ್ಲಿ ತಿನಿಸಿ ತಿನಿಸಿ ಹೊಟ್ಟಿ ಬರಸ್ಯಾರಂತ ತಿಳಕೊಂಡಿದ್ನೆಲ್ರಿ! ಅವರ ಊಟ ಉಂಡು ನನಗೂ ಬಂದೈತಿ." ಅಂದವನೇ ಜೀನು ಬಿಚ್ಚಿ ನೆಲಕ್ಕೆ ಒಗೆದ. "ಇನ್ನ ಇಕಿ ಬೆನ್ನ ಮ್ಯಾಲೆ ಯಾವ ರಾಣೀನೂ ಕುಂದ್ರಂಗಿಲ್ಲ."

ಇಬ್ಬರೂ ನಿರ್ದೇಶಕರ ಕಡೆ ಹೋದೆವು. ಬೆಂಗಳೂರಿನ ಹುಡುಗ, ಕಣ್ಣಿಗೆ ಕಪ್ಪು ಚಷ್ಮಾ.

"ನಿಮ್ಮ ವೀರಮಾರುತ ಹೆಣ್ಣು. ದಿನಾ ತುಂಬ್ಯಾವ," ಅಂದೆ.

"ಇಲ್ಲ ಸಾರ್, ವೀರಮಾರುತ ಗಂಡು."

"ಬಂದು ನೋಡ್ರಿ."

"ನೋಡೋದೇನ್ ಸಾರ್, ಸ್ಕ್ರಿಪ್ಟಲ್ಲೇ ಇದೆ."

ಸರ್ವಿಸಿನ ತುಂಬ ಸಾವಿರಾರು ದನ ಪರೀಕ್ಷೆ ಮಾಡಿದ್ದೇನೆ. ಕಾಗದ ನೋಡಿ ಗಂಡೋ ಹೆಣ್ಣೋ ಹೇಳುವ ವಿದ್ಯೆಯನ್ನು ನಮ್ಮ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಸಾಹೇಬ ಕೈಕಟ್ಟಿ ಅಡ್ಡ ನಿಂತದ್ದು ನೋಡಿ ಹುಡುಗ ದನಿ ತಗ್ಗಿಸಿದ. "ಸಾರ್, ಶನಿವಾರ ಟೆಲಿಕಾಸ್ಟ್ ಆಗೋವರೆಗೂ ಹೆರಿಗೆ ತಡೆಯೋಕೆ ಏನಾದ್ರೂ ಮಾತ್ರೆ ಇದೆಯಾ?"

"ಐತಿ," ಅಂದೆ. "ಕುದುರಿಗೆ ಕೊಡೂದಲ್ಲ, ನಿರ್ದೇಶಕರಿಗೆ ಕೊಡೂದು."

ರಾಜವೈದ್ಯ

ಕೊನೆಗೆ ನಿರ್ದೇಶಕ, ಜಿಗಿಯುವುದು ಆಮೇಲೆ ನೋಡೋಣ, ಮೊದಲು ರಾಣಿಯ ಭಾಷಣ ಮುಗಿಸೋಣ, ಕುದುರೆ ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು ಅಂದ. ಆಗಲಿ ಅಂದೆ. "ಆಮೇಲೆ" ಅಂದದ್ದು ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಚೀಲ ಹಿಡಿದು ಕ್ಯಾಮೆರಾದ ಮಗ್ಗುಲಿಗೇ ಕೂತೆ.

ರಾಣಿ ಶುರು ಮಾಡಿದಳು. "ಈ ಮಣ್ಣಿನ ಮಕ್ಕಳೇ..." ಮಣ್ಣಾಯಿತು, ನೀರಾಯಿತು, ಮಾವನ ಪರಾಕ್ರಮವಾಯಿತು, ಅಜ್ಜಮಾವನ ಪರಾಕ್ರಮಕ್ಕೆ ಕೈ ಹಾಕಿದಳು. ಮೂರನೆಯ ಸೀಸನ್ನಿನ ಉದ್ದುದ್ದ ಮಾತಿಗೆ ನಾನು ಕೈಮುಗಿದದ್ದು ಅವತ್ತೊಂದೇ ದಿನ. ಯಾಕೆಂದರೆ ಅಜ್ಜಮಾವ ಕತ್ತಿ ಹಿರಿಯುವಷ್ಟರಲ್ಲಿ ಕುದುರೆ ಬೆವರಿತು, ನೆಲ ಕೆದರಿತು, ದೊಪ್ಪನೆ ಮಲಗಿತು.

"ಕಟ್!" ಅಂತ ನಿರ್ದೇಶಕ ಒದರಿದ. ಆಮೇಲೆ ಅವನಿಗೇನು ಹೊಳೆಯಿತೋ, "ಕಟ್ ಇಲ್ಲ! ಯಾರೂ ಕ್ಯಾಮೆರಾ ನಿಲ್ಲಿಸಬೇಡಿ!" ಅಂತ ಕುಣಿಯತೊಡಗಿದ.

ಎರಡೂ ಸೈನ್ಯ ಈಟಿ, ಕತ್ತಿ ಒಗೆದು ಓಡಿ ಬಂದವು. ಎಲ್ಲರೂ ರೈತರು, ಒಬ್ಬೊಬ್ಬನೂ ಪಂಡಿತ. ಒಬ್ಬ ಬೆಲ್ಲದ ನೀರು ಕುಡಿಸ್ರಿ ಅಂದ, ಇನ್ನೊಬ್ಬ ಎಡಕ್ಕೆ ಹೊರಳಿಸ್ರಿ ಅಂದ. ಸಾಹೇಬ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದ. ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಯಾರು ಅಂತೀರಿ? ಸ್ವತಃ ಮಹಾರಾಣಿ! "ತಡಿ ನನ್ನವ್ವಾ, ಆತು, ಆತು," ಅನ್ನುತ್ತಿದ್ದಳು. ಮೊದಲನೆಯ ಸೀಸನ್ನಿನ ಬಾಯಿ ಅಷ್ಟು ದಿನದ ಮೇಲೆ ತಿರುಗಿ ಬಂದಿತ್ತು.

ನೋಡಿದರೆ ಮರಿಯ ಒಂದೇ ಮುಂಗಾಲು ಹೊರಗೆ ಬಂದಿದೆ. ಇನ್ನೊಂದು ಒಳಗೆ ಮಡಚಿಕೊಂಡಿದೆ. ಕುದುರೆಯ ಹೆರಿಗೆಯಲ್ಲಿ ಆಕಳಿನಷ್ಟು ಪುರುಸೊತ್ತು ಸಿಗುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ಮರಿಯನ್ನು ಹಿಂದಕ್ಕೆ ಒತ್ತಿ ಕಾಲು ಹುಡುಕುತ್ತಿದ್ದೇನೆ, ಅಷ್ಟರಲ್ಲಿ ಯಾರೋ ಹಿಂದಿನಿಂದ ನನ್ನ ಚಷ್ಮಾ ಕಿತ್ತುಕೊಂಡರು. ತಲೆಗೆ ಒಂದು ರುಮಾಲು ಕೂಡಿಸಿದರು. ಹೆಗಲಿಗೆ ಕೆಂಪು ಶಾಲು ಹೊದಿಸಿದರು. ಎರಡೂ ಕೈ ಕೆಲಸದಲ್ಲಿ ಸಿಕ್ಕಿವೆ, ಉಳಿದದ್ದು ಬಾಯಿ ಒಂದೇ.

"ಏ ಯಾಂವಲೇ ಅಂವಾ! ಚಷ್ಮಾ ಕೊಡಲೇ! ಹಿಂದ ಸರೀರಿ, ಮೈಮ್ಯಾಲೆ ಯಾಕ ಬೀಳತೀರಿ, ಹುಚ್ಚಪ್ಯಾಗೋಳ್ರ್ಯಾ! ಏ ರಾಣೀ, ತಲಿ ಬಿಗಿ ಹಿಡಿಯವಾ!"

ಕಾಲು ಸಿಕ್ಕಿತು, ನೆಟ್ಟಗಾಯಿತು. ಎರಡು ತಿಣುಕಿಗೆ ಮರಿ ಜಾರಿ ನನ್ನ ಮಡಿಲಿಗೇ ಬಿತ್ತು. ಬಿಳಿ ತಾಯಿಗೆ ಇದ್ದಿಲಿನಂಥ ಹೆಣ್ಣು ಮರಿ. ಮೈ ಒರೆಸಲು ಬಟ್ಟೆ ಅಂದೆ, ಬಾಗಿಲಲ್ಲಿ ಸಿಕ್ಕ ಎಮ್ಮೆಯವನು ತನ್ನ ಸೈನ್ಯದ ಬಾವುಟವನ್ನೇ ಹರಿದು ಕೊಟ್ಟ. ಒಂದು ತಾಸಿನಲ್ಲಿ ಮರಿ ನಾಲ್ಕು ಕಾಲಿನ ಮೇಲೆ ನಿಂತು ಹಾಲು ಕುಡಿಯಿತು. ಸಾಹೇಬ ನನ್ನನ್ನು ಅಪ್ಪಿಕೊಂಡು ಅತ್ತ. ಕಂದಕದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಶನಿವಾರ ಮಹಾಸಂಚಿಕೆ. ನಮ್ಮಾಕೆ ಗಲ್ಲಕ್ಕೆ ಕೈ ಹಚ್ಚಿ ಕೂತಳು. ರಾಣಿ ಸಭೆಗೆ ಹೇಳುತ್ತಿದ್ದಾಳೆ: "ಶತ್ರುಗಳ ಕಣ್ಣು ತಪ್ಪಿಸಲೆಂದೇ ಇಷ್ಟು ವರ್ಷ ವೀರಮಾರುತ ಗಂಡೆಂದು ಸಾರಿದ್ದೆವು. ಇದು ರಾಜ್ಯರಹಸ್ಯವಾಗಿತ್ತು!" ನನಗೆ ಮೈಯೆಲ್ಲ ಉರಿಯಿತು. ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಮೇಲೆ ರುಮಾಲು, ಕೆಂಪು ಶಾಲಿನ ರಾಜವೈದ್ಯ ಬಂದ. ಅದು ನಾನು! ನಾನು ಎಲ್ಲೆಲ್ಲಿ ಬೈದಿದ್ದೆನೋ ಅಲ್ಲೆಲ್ಲ ನನ್ನ ತುಟಿಯ ಅಳತೆಗೆ ಯಾರದೋ ಗಂಭೀರ ದನಿ ಕೂಡಿಸಿದ್ದರು: "ಪ್ರಜೆಗಳೇ, ಶಾಂತರಾಗಿರಿ. ಮಹಾರಾಣೀ, ತಮ್ಮ ಕರುಣೆಯ ಸ್ಪರ್ಶವೇ ಪರಮೌಷಧ. ಈ ನೆಲದ ಭಾಗ್ಯವು ಉದಯಿಸುತ್ತಿದೆ."

ಇಷ್ಟು ಸುಳ್ಳು ಕೇಳಿದೆಯಾ ಅನ್ನಲು ನಮ್ಮಾಕೆಯ ಕಡೆ ತಿರುಗಿದೆ. ಆಕೆಯ ಕಣ್ಣಿಂದ ದಳದಳ ನೀರು ಸುರಿಯುತ್ತಿತ್ತು.

"ಅಳೂದಕ್ಕ ಏನಾತ ಈಗ? ಕುದುರಿ ಛಲೋ ಐತಿ, ಮರಿನೂ ಛಲೋ ಐತಿ," ಅಂದೆ.

"ಕುದುರಿಗೆ ಅಳಾಕತ್ತಿಲ್ರೀ," ಅಂದಳು. "ಮದಿವ್ಯಾಗಿ ಮೂವತ್ತೆಂಟು ವರ್ಷಕ್ಕ ನಿಮ್ಮ ಬಾಯಾಗ ಒಂದು ಚಂದನ್ನ ಮಾತು ಬಂತಲ್ರೀ!"