ತೊಂಬತ್ತು ದಿನಗಳ ಜೆರುಸಲೇಂ

ಮಹಾಯುದ್ಧಗಳ ಹಿಂದೆ ಬಹಳ ಆಳವಾದ ಕಾರಣಗಳಿರುತ್ತವೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ನಮ್ಮ ಭಾವನ ಜೊತೆ ಊಟಕ್ಕೆ ಕುಳಿತವರಲ್ಲ. ಕುಳಿತಿದ್ದರೆ, ಯುರೋಪಿನ ಶತಮಾನಗಳ ರಕ್ತಪಾತಕ್ಕೆ ಕಾರಣ ಇಷ್ಟೇ, ಆ ರಾಜರಿಗೆ ಹೆಸರುಗಳ ಅಭಾವವಿತ್ತು ಎಂಬುದು ನನ್ನ ಹಾಗೆ ಅವರಿಗೂ ಮನವರಿಕೆಯಾಗುತ್ತಿತ್ತು. ಎಲ್ಲರೂ ಹೆನ್ರಿ! ಹೆನ್ರಿಯಲ್ಲದವನು ಫ್ರೆಡರಿಕ್, ಅವೆರಡೂ ಅಲ್ಲದವನು ಲೂಯಿ. ಸಿಟಿ ಬಸ್ಸುಗಳ ಹಾಗೆ ನಂಬರು ನೋಡಿಯೇ ಹತ್ತಬೇಕು. ನಾನು ಪ್ರತಿ ಸಲವೂ ತಪ್ಪು ಹೆನ್ರಿಯನ್ನು ಹತ್ತಿ ತಪ್ಪು ಶತಮಾನದಲ್ಲಿ ಇಳಿದಿದ್ದೇನೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಮೈಸೂರಿನವರು, ಆಲ್ಮೆರೆಯಲ್ಲಿ ಮನೆ, ಆಮ್‌ಸ್ಟರ್‌ಡ್ಯಾಮಿನಲ್ಲಿ ಕಂಪ್ಯೂಟರ್ ಕೆಲಸ. ಇಷ್ಟು ಕೇಳಿದವರಿಗೆ ಸಾಧು ಮನುಷ್ಯರೆನ್ನಿಸುತ್ತದೆ. ಆದರೆ ಕಳೆದ ಮೂರು ವರ್ಷಗಳಿಂದ ಅವರ ವಾಸ ಹನ್ನೆರಡನೆಯ ಶತಮಾನದಲ್ಲಿ. ಕೆಲಸಕ್ಕೆ ಹೋಗುವ ರೈಲಿನಲ್ಲಿ ಓದುತ್ತಾರೆ, ಬರುವ ರೈಲಿನಲ್ಲಿ ಓದುತ್ತಾರೆ, ಶನಿವಾರ ಬೈಟನ್‌ವೆಲ್ಡರ್ಟಿನ ನಮ್ಮ ಮನೆಗೆ ಬಂದು ಓದಿದ್ದೆಲ್ಲವನ್ನೂ ನನ್ನ ಮೇಲೆ ಸುರಿಯುತ್ತಾರೆ.

ಬರಿಯ ಬಾಯಿಮಾತಾದರೆ ಸಹಿಸಬಹುದಿತ್ತು. ಭಾವ ನಕ್ಷೆ ಸಮೇತ ವಿವರಿಸುವವರು. ತಟ್ಟೆಯೇ ನಕ್ಷೆ! ಸಾಂಬಾರು ಮೆಡಿಟರೇನಿಯನ್ ಸಮುದ್ರ, ಉದ್ದಕ್ಕೆ ಮುರಿದ ದೋಸೆ ಇಟಲಿ, ಚಟ್ನಿ ಆಫ್ರಿಕಾ, ನಡುವೆ ತೇಲುವ ವಡೆ ಸಿಸಿಲಿ. ಒಂದು ಶನಿವಾರ ಅರಬರು ಸಿಸಿಲಿಯಲ್ಲಿದ್ದರು, ನಾರ್ಮನ್ನರು ಬರುವುದರಲ್ಲಿದ್ದರು; ಅಷ್ಟರಲ್ಲಿ ನನಗೆ ಹಸಿವಾಗಿ ಸಿಸಿಲಿಯನ್ನು ತಿಂದುಬಿಟ್ಟೆ. ತಪ್ಪಾಯಿತೆಂದೆ. "ಪರವಾಗಿಲ್ಲ ಸ್ವಾಮಿ," ಎಂದರು ಭಾವ, "ಅದನ್ನ ಎಲ್ಲಾರೂ ತಿಂದವರೇ."

ಈ ವರ್ಷ ನಮ್ಮ ಶನಿವಾರಗಳಿಗೆ ಒಂದು ಗಡುವು ಬಂದಿತ್ತು. ಅದನ್ನು ಹೇಳಬೇಕಾದರೆ ನಮ್ಮದೇ ಮನೆತನದ ಯುದ್ಧವನ್ನು ಹೇಳಬೇಕು.

ಮೂರು ವರ್ಷಗಳ ಹಿಂದೆ ಅತ್ತೆ, ಎಂದರೆ ಭಾವನ ತಾಯಿ, ಮೈಸೂರಿನಿಂದ ಇಲ್ಲಿಗೆ ಬಂದಿದ್ದರು. ವೀಸಾ ತೊಂಬತ್ತು ದಿನ, ಗಂಡುಮಕ್ಕಳು ಇಬ್ಬರು. ಹಿರಿಯರು ಭಾವ, ಕಿರಿಯವನು ಡೆಲ್ಫ್ಟ್‌ನಲ್ಲಿ ಪಾಠ ಹೇಳುವ ನನ್ನ ಬಾಮೈದ. ತೊಂಬತ್ತನ್ನು ಎರಡರಿಂದ ಭಾಗಿಸಿದರೆ ನಲವತ್ತೈದು ಎಂಬಲ್ಲಿಗೆ ಗಣಿತ ಮುಗಿದು ಇತಿಹಾಸ ಶುರುವಾಯಿತು. ನಲವತ್ತೈದನೆಯ ದಿನ ಬಾಮೈದ ತಾಯಿಯನ್ನು ಒಪ್ಪಿಸಲಿಲ್ಲ. ಟುಲಿಪ್ ತೋಟ ತೋರಿಸಿ ಎರಡು ದಿನ ಬಿಟ್ಟು ಕಳಿಸುತ್ತೇನೆಂದ. ಇದು ಒಪ್ಪಂದದ ಉಲ್ಲಂಘನೆಯೆಂದು ಭಾವ ಡೆಲ್ಫ್ಟ್‌ನ ಮೇಲೆ ದಂಡೆತ್ತಿ ಹೋಗಿ, ಬಾಗಿಲಲ್ಲೇ ನಿಂತು, "ನಿಂಗೆ ಅಮ್ಮ ಬೇಕಾಗಿಲ್ಲ ಕಣೋ, ಮಗು ನೋಡ್ಕೊಳ್ಳೋಕೆ ಪುಕ್ಕಟೆ ಆಯಾ ಬೇಕು!" ಎಂದುಬಿಟ್ಟರು. ಅತ್ತೆ ಒಳಗೆ ಮೊಮ್ಮಗುವಿಗೆ ಅನ್ನ ಕಲಸುತ್ತಿದ್ದರು. ಅವರಿಗೆ ಕೇಳಿಸಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆಲ್ಮೆರೆಗೂ ಡೆಲ್ಫ್ಟ್‌ಗೂ ನಡುವೆ ಬಿದ್ದಿರುವ ನಾವು ಬಡ ಸಾಮಂತರು. ಇಬ್ಬರಿಗೂ ಬೇರೆಬೇರೆ ದಿನ ಕಾಫಿಯ ಕಪ್ಪ ಸಲ್ಲಿಸುತ್ತೇವೆ.

ಈ ಸಲ ಅತ್ತೆ ಟಿಕೆಟ್ಟಿನ ಜೊತೆಗೇ ಷರತ್ತನ್ನೂ ಕಳಿಸಿದರು. "ಇಬ್ರೂ ಒಟ್ಟಿಗೆ ಏರ್‌ಪೋರ್ಟಿಗೆ ಬರೋದಾದ್ರೆ ವಿಮಾನ ಹತ್ತುತೀನಿ. ಇಲ್ಲ ಅಂದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಡಿ." ಇನ್ನು ಐದು ವಾರವಿತ್ತು.

"ಒಂದು ಫೋನ್ ಮಾಡಿ ಭಾವ," ಎಂದೆ ನಾನು.

"ಮಾಡೋಣ. ಮೊದಲು ಈ ಫ್ರೆಡರಿಕ್‌ನ ಮುಗಿಸೋಣ," ಎಂದರು ಅವರು.

ಫ್ರೆಡರಿಕ್ ಅಷ್ಟು ಸುಲಭಕ್ಕೆ ಮುಗಿಯುವವನೆ? ನನ್ನ ಗೊಂದಲ ಕಂಡು ಕನಿಕರಪಟ್ಟ ಭಾವ ಒಂದು ಹೊಸ ಉಪಾಯ ತೆಗೆದರು. ರಾಜರ ಹೆಸರುಗಳನ್ನೇ ಕಿತ್ತುಹಾಕಿ ಆ ಜಾಗದಲ್ಲಿ ನಮ್ಮ ಬಂಧುಗಳನ್ನು ಕೂಡಿಸಿದರು! ಸಾಮ್ರಾಟ ಫ್ರೆಡರಿಕ್ ಸರಸ್ವತಿಪುರಂ ದೊಡ್ಡಪ್ಪನಾದ. ಪೋಪ್ ನಂಜನಗೂಡಿನ ಸೋದರತ್ತೆಯಾದರು. ಆಕೆ ಮುನಿದರೆ ನೆಂಟರಲ್ಲಿ ಯಾರೂ ನಿಮಗೆ ಲಗ್ನಪತ್ರಿಕೆ ಕೊಡುವುದಿಲ್ಲವಾದ್ದರಿಂದ ಧರ್ಮಬಹಿಷ್ಕಾರವೆಂದರೇನೆಂದು ಬೇರೆ ವಿವರಿಸಬೇಕಾಗಲಿಲ್ಲ.

"ದೊಡ್ಡಪ್ಪ ಜೆರುಸಲೇಮಿಗೆ ಯುದ್ಧಕ್ಕೆ ಹೋಗ್ತೀನಿ ಅಂತ ಮಾತು ಕೊಟ್ಟಿದ್ದ. ಹೋಗಲಿಲ್ಲ ಅಂತ ಸೋದರತ್ತೆ ಬಹಿಷ್ಕಾರ ಹಾಕಿದ್ರು. ಆಮೇಲೆ ಹೋದ. ಹೋದ ಅಂತಾನೂ ಸಿಟ್ಟು!"

"ಹಾಗಾದ್ರೆ ಅವನು ಮಾಡ್ಬೇಕಾಗಿದ್ದೇನು?"

"ಸೋದರತ್ತೆ ಮನೆ ಗೃಹಪ್ರವೇಶ ಮರೆತ್ರಾ ಸ್ವಾಮಿ? ಬರದೇ ಇದ್ದವರ ಮೇಲೂ ಸಿಟ್ಟು, ಕರೀದೇ ಬಂದವರ ಮೇಲೂ ಸಿಟ್ಟು!"

ಅಬ್ಬಾ, ಅರ್ಥವಾಯಿತು! ಆದರೆ ಅರ್ಥವಾಗುವುದರಲ್ಲೂ ಅಪಾಯವಿದೆ. ಯುಗಾದಿಯ ದಿನ ನಿಜವಾದ ದೊಡ್ಡಪ್ಪ ವಿಡಿಯೋ ಕಾಲ್ ಮಾಡಿದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಜೆರುಸಲೇಮಿಂದ ಯಾವಾಗ ಬಂದ್ರಿ?" ಪಾಪ, ಅವರು ಮಂಡಿ ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳಿಂದ ಹಾಸಿಗೆಯಲ್ಲಿದ್ದರು. ನನ್ನ ಮಗಳು ಡಚ್ ಶಾಲೆಯ ಹುಡುಗಿ. ಅಪ್ಪನಿಗೆ ಏನೋ ಆಗಿದೆ ಎಂದು ತನ್ನ ಅಮ್ಮನ ಕಡೆ ನೋಡಿದಳು.

ಆ ಸಾಮ್ರಾಟ ಜೆರುಸಲೇಮನ್ನು ಗೆದ್ದ ಬಗೆಯನ್ನು ಮಾತ್ರ ಭಾವ ಬಹಳ ಭಕ್ತಿಯಿಂದ ಹೇಳಿದರು. ಯುದ್ಧವಿಲ್ಲ, ರಕ್ತವಿಲ್ಲ; ಸುಲ್ತಾನನೊಡನೆ ದೂತರನ್ನೂ ಕಾಗದಗಳನ್ನೂ ಓಡಾಡಿಸಿ ಒಪ್ಪಂದದ ಮೇಲೆಯೇ ಪಡೆದುಕೊಂಡನಂತೆ. ನನಗೆ ಬೆಳಕು ಕಂಡಿತು.

"ನೋಡಿ ಭಾವ! ಒಂದು ಕಾಗದ ಬರೆದ್ರೆ ಕೆಲಸ ಆಗುತ್ತೆ ಅಂತಾಯ್ತಲ್ಲ! ಇವತ್ತೇ ಡೆಲ್ಫ್ಟ್‌ಗೆ ಒಂದು ಮೆಸೇಜ್ ಹಾಕಿ."

"ಶತ್ರುವಿಗೆ ಬರೆಯೋದು ಸುಲಭ ಸ್ವಾಮಿ," ಎಂದು ಭಾವ ಮೊಸರನ್ನದ ಕಡೆ ತಿರುಗಿದರು. "ಅವರಿಬ್ರು ಅಣ್ಣತಮ್ಮ ಅಲ್ಲ."

ಮುಂದಿನ ಶನಿವಾರ ಇದ್ದದ್ದೂ ಕೆಟ್ಟಿತು. ನನ್ನ ಹೆಂಡತಿ ಅಮ್ಮನೊಡನೆ ವಿಡಿಯೋದಲ್ಲಿ ಮಾತಾಡುತ್ತಿದ್ದವಳು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಒಲೆಯ ಮೇಲಿನ ಹಾಲು ನೋಡಲು ಎದ್ದಳು. ಅದು ಭಾವನಿಗೆ ಗೊತ್ತಿಲ್ಲ. ಅವರಾಗಲೇ ಕಾನ್‌ಸ್ಟಾಂಟಿನೋಪಲ್ ತಲುಪಿದ್ದರು. ಅಲ್ಲಿನ ಕೆಟ್ಟ ಸಾಮ್ರಾಟನ ಪಾತ್ರ, ಎಂದಿನಂತೆ, ತಮ್ಮನದು.

"ಕೊನೆಗೆ ಇವನು ಏನ್ ಮಾಡ್ದ ಗೊತ್ತಾ ಸ್ವಾಮಿ? ಅಮ್ಮನ್ನ ಅರಮನೆಯಿಂದ ಎಬ್ಬಿಸಿ ಮಠಕ್ಕೆ ಅಟ್ಟಿಬಿಟ್ಟ!"

ಸಕ್ಕರೆ ಡಬ್ಬದ ದಿಕ್ಕಿನಿಂದ ದನಿ ಬಂತು. "ಯಾವ ಮಠವೋ?"

ಭಾವನ ಕೈಯಲ್ಲಿದ್ದ ಬೈಜಾಂಟಿಯಮ್, ಎಂದರೆ ಹಪ್ಪಳ, ಎರಡು ತುಂಡಾಯಿತು.

"ಅಲ್ಲಿ ಕಾಫಿನಾದ್ರೂ ಕೊಡ್ತಾರೇನೋ?" ಅತ್ತೆ ಬಿಡಲಿಲ್ಲ. "ಅವನ ಪಾಲಿಗೆ ಹೋದ್ರೆ ಮಠ. ನಿನ್ನ ಪಾಲಿಗೆ ಬಂದ್ರೆ ಏನು? ಮೊದಲೇ ಹೇಳ್ಬಿಡು, ಅದಕ್ಕೆ ಸರಿಯಾಗಿ ಸೀರೆ ಕಟ್ಕೋತೀನಿ."

ನನ್ನ ಹೆಂಡತಿ ಓಡಿಬಂದಳು. "ಅಮ್ಮಾ, ಅದು ಸಾವಿರ ವರ್ಷದ ಹಿಂದಿನ ಕಥೆ ಕಣಮ್ಮ!"

"ಇವರಿಬ್ಬರದೂ ಅಷ್ಟೇ ಹಳೇದಾಗ್ತಾ ಬಂತು," ಎಂದು ಅತ್ತೆ ಫೋನ್ ಇಟ್ಟರು.

ಟಿಕೆಟ್ಟಿಗೆ ಒಂಬತ್ತು ದಿನ ಉಳಿದಾಗ ನನ್ನ ಹೆಂಡತಿ ನನ್ನನ್ನು ರಾಯಭಾರಿಯಾಗಿ ನೇಮಿಸಿ ಆಲ್ಮೆರೆಗೆ ಕಳಿಸಿದಳು. ಭಾನುವಾರ ಬೆಳಿಗ್ಗೆ. ಭಾವ ಒಬ್ಬರೇ ಇದ್ದರು. ಹೆಂಡತಿ ಮಕ್ಕಳು ಈಜಿನ ಕ್ಲಾಸಿಗೆ ಹೋಗಿದ್ದರು. ಮೇಜಿನ ತುಂಬ ಲೈಬ್ರರಿಯ ದಪ್ಪ ದಪ್ಪ ಪುಸ್ತಕಗಳು, ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಹಳದಿ ಚೀಟಿಗಳು. ಮಾತು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಒಂದನ್ನು ಬಿಡಿಸಿದೆ.

"ಇವೆಲ್ಲ ಯುದ್ಧಗಳಾ ಭಾವ?"

"ಅಲ್ಲ. ಅಣ್ಣತಮ್ಮಂದಿರು."

ಚೀಟಿ ಇಟ್ಟ ಪುಟಗಳನ್ನೆಲ್ಲ ತಿರುವಿದೆ. ಒಂದರಲ್ಲಿ ಅಣ್ಣ ತಮ್ಮನನ್ನು ಕೊಂದಿದ್ದ. ಇನ್ನೊಂದರಲ್ಲಿ ತಮ್ಮ ಅಣ್ಣನನ್ನು ಸಾಯುವತನಕ ಸೆರೆಯಲ್ಲಿಟ್ಟಿದ್ದ. ಮತ್ತೊಂದರಲ್ಲಿ ಕಣ್ಣು ಕೀಳಿಸಿದ್ದ.

"ಮೂರು ವರ್ಷದಿಂದ ಹುಡುಕ್ತಾ ಇದೀನಿ ಸ್ವಾಮಿ," ಎಂದರು ಭಾವ. "ಜಗಳ ಆಡಿ, ಆಮೇಲೆ ಒಂದಾದವರನ್ನ. ಒಂದು ಜೋಡಿ ಸಿಕ್ಕಿದ್ರೂ ಸಾಕಾಗಿತ್ತು. ಮೊದಲನೇ ಮಾತು ಏನಾಡಿದ್ರು ಅಂತ ನೋಡ್ಕೊಂಡು, ಅದನ್ನೇ ಅವನಿಗೆ ಹೇಳೋಣ ಅಂತ. ನಂಗೆ ಆ ಮೊದಲನೇ ಮಾತೇ ಬರ್ತಿಲ್ಲ."

ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೇಳಿದೆ.

"ಸಿಗಲೇ ಇಲ್ವಾ?"

"ನಿನ್ನೆ ಸಿಕ್ಕಿದ್ರು. ಇಂಗ್ಲೆಂಡಿನವರು. ಅಣ್ಣ ಪರದೇಶದಲ್ಲಿ ಸೆರೆ ಸಿಕ್ಕಿದ್ದಾಗ, ಅವನನ್ನ ಬಿಡಲೇಬೇಡಿ ಅಂತ ತಮ್ಮನೇ ಹೇಳಿಕಳಿಸಿದ್ದ. ಅಣ್ಣ ಬಿಡಿಸ್ಕೊಂಡು ಬಂದ. ತಮ್ಮ ನಡುಗ್ತಾ ಬಂದು ಕಾಲಿಗೆ ಬಿದ್ದ. ಹೆದರ್ಬೇಡ, ನೀನಿನ್ನೂ ಮಗು ಅಂತ ಎಬ್ಬಿಸಿ, ತನಗೆ ಅಂತ ಯಾರೋ ತಂದಿದ್ದ ಮೀನನ್ನ ಅವನಿಗೆ ಅಡುಗೆ ಮಾಡಿಸಿ ಹಾಕಿದ. ಅಷ್ಟೇ."

"ಮತ್ತಿನ್ನೇನು ಭಾವ! ಸಿಕ್ಕಿತಲ್ಲ!"

"ನಾವು ಮೀನು ತಿನ್ನಲ್ವಲ್ಲ," ಎಂದರು. ಹಳದಿ ಚೀಟಿಯೊಂದನ್ನು ಮಡಿಸುತ್ತ, "ಅದೂ ಅಲ್ದೆ, ಅಲ್ಲಿ ತಪ್ಪು ಮಾಡಿದವನು ತಮ್ಮ. ಇಲ್ಲಿ ನಾನು," ಎಂದರು.

ರಾಯಭಾರಿಗೆ ತೋಚಿದ್ದನ್ನು ಕೇಳಿದೆ. "ನಿಮ್ಮ ತಮ್ಮನಿಗೆ ತಿನ್ನೋಕೆ ಏನಿಷ್ಟ?"

"ಅವರೆಕಾಳು ಉಪ್ಪಿಟ್ಟು," ಎಂದರು ತಕ್ಷಣ. ಇದಕ್ಕೆ ಯಾವ ಪುಸ್ತಕವನ್ನೂ ತೆರೆಯಲಿಲ್ಲ.

ಫ್ರೀಜರಿನಲ್ಲಿ ಅವರೆಕಾಳಿನ ನಾಲ್ಕು ಪೊಟ್ಟಣಗಳಿದ್ದವು. ನಮ್ಮ ಭಾವನಿಗೆ ಅವರೆಕಾಳು ಆಗಿಬರುವುದಿಲ್ಲ. ಅವರ ಮನೆಯಲ್ಲಿ ಯಾರೂ ತಿನ್ನುವುದಿಲ್ಲ.

ನಾನು ಈರುಳ್ಳಿ ಹೆಚ್ಚಿದೆ. ಅವರು ರವೆ ಹುರಿದರು. ಮಧ್ಯಾಹ್ನದ ರೈಲಿಗೆ ಭಾವ ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಡೆಲ್ಫ್ಟ್‌ಗೆ ಹೋದರು. ಅಲ್ಲಿ ಬಾಗಿಲು ಯಾರು ತೆರೆದರೋ, ಮೊದಲು ಯಾರು ಏನೆಂದರೋ ನನಗೆ ಗೊತ್ತಿಲ್ಲ. ಅಂದಿನಿಂದ ಭಾವ ಲೈಬ್ರರಿಯ ಪುಸ್ತಕ ತಂದಿಲ್ಲ.

ಅತ್ತೆ ಟಿಕೆಟ್ಟಿನಲ್ಲಿದ್ದ ದಿನವೇ ಸ್ಕಿಪೋಲ್ ಏರ್‌ಪೋರ್ಟಿನಲ್ಲಿ ಇಳಿದರು. ಇಬ್ಬರೂ ಬಂದಿದ್ದರು. ತೊಂಬತ್ತು ದಿನವೂ ಅತ್ತೆ ಯಾರ ಪಾಲಿಗೂ ಹೋಗದೆ ನಮ್ಮ ಮನೆಯಲ್ಲೇ ಇದ್ದರು.