ಮಾಣಿಕನ ಹವಳಕ್ಕೆ ಕೊಡ ನೀರು

ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿತ್ತು. ಮಾಣಿಕನ ಕಷ್ಟ ಶುರುವಾದದ್ದು ಅಲ್ಲಿಂದ.

ಬರ ಬಿದ್ದ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿದ್ದ ಬೇಸಿಗೆ ಅದು. ಬೀದರಿನ ನೌಬಾದದಲ್ಲಿ ನಳಕ್ಕೆ ಹನ್ನೆರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಬ್ಲೀಚಿಂಗ್ ಪುಡಿಯ ವಾಸನೆ ಹೊತ್ತುಕೊಂಡು. ಅಂಥ ಕಾಲದಲ್ಲಿ ಕಾಲೇಜಿನ ಪ್ರಯೋಗಾಲಯದ ಅಟೆಂಡರ್ ಮಾಣಿಕ ತನ್ನ ಪಡಸಾಲೆಯಲ್ಲಿ ಸಮುದ್ರ ಇಟ್ಟುಕೊಂಡಿದ್ದ. ಐದಡಿ ಉದ್ದದ ಗಾಜಿನ ತೊಟ್ಟಿ, ಹೈದರಾಬಾದಿನಿಂದ ತಂದ ಉಪ್ಪು ಕಲಸಿದ ನಾನೂರು ಲೀಟರ್ ನೀರು, ಎರಡು ಕಿತ್ತಳೆ ಬಣ್ಣದ ಮೀನು, ಮತ್ತೆ ಹವಳ. ಮೂರು ವರ್ಷದ ಹಿಂದೆ ಉಗುರಿನಷ್ಟಿದ್ದ ತುಂಡು ಈಗ ಅಂಗೈಯಗಲ ಕವಲೊಡೆದು, ತುದಿಗಳಿಗೆಲ್ಲ ನೇರಳೆ ಬಣ್ಣ ಬಂದಿತ್ತು. ಮಾಣಿಕನಿಗೆ ಮೀನಿಗಿಂತ ಅದರ ಮೇಲೆ ಜೀವ. ಅದು ಕಲ್ಲಲ್ಲ, ಉಣ್ಣುವ ಬೆಳೆಯುವ ಪ್ರಾಣಿ ಎಂದು ಗಲ್ಲಿಯವರಿಗೆಲ್ಲ ಹೇಳಿ ಹೇಳಿ ಸೋತಿದ್ದ. ಕೇಳಿದವರು ತಲೆಯಾಡಿಸಿ, ಉಂಗುರಕ್ಕೆ ಕೂಡಿಸಲು ಒಂದು ಚೂರು ಕೊಡು ಎನ್ನುತ್ತಿದ್ದರು.

ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಹವಳ ಉಳಿಯುವುದಿಲ್ಲ. ದಿನಾ ಶುದ್ಧ ನೀರು ಸೇರಿಸುತ್ತಿರಬೇಕು; ಬ್ಲೀಚಿಂಗ್ ಬೆರೆತ ನಳದ ನೀರು ಅದಕ್ಕೆ ವಿಷ. ಮನೆಯ ಫಿಲ್ಟರಿನಲ್ಲಿ ಒಂದು ಬಕೆಟ್ ಶುದ್ಧ ನೀರು ಬರುವಷ್ಟರಲ್ಲಿ ಮೂರು ಬಕೆಟ್ ಮೋರಿ ಪಾಲು. ಇಡೀ ಗಲ್ಲಿಯ ಕಣ್ಣು ಆ ಮೋರಿಯ ಮೇಲಿತ್ತು.

ಹೋದ ವಾರ ಎದುರು ಮನೆಯ ಮುದುಕ ಹಣಮಂತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಜಗಳ ತೆಗೆದಿದ್ದ. ಔರಾದ ಕಡೆ ನಲವತ್ತು ವರ್ಷ ಕುರಿ ಕಾದವನು. ಈ ಬೇಸಿಗೆಯಲ್ಲಿ ಕುರಿಗಳಿಗೆ ಕುಡಿಸಲು ನೀರು ಸಿಗದೆ, ಅರ್ಧ ಸತ್ತು ಅರ್ಧ ಮಾರಿ, ಮಗನ ಮನೆಗೆ ಬಂದು ಬಿದ್ದಿದ್ದ. ಊರಿಗೇ ನೀರಿಲ್ಲದಾಗ ಇಷ್ಟು ಬಚ್ಚಿಟ್ಟಿದ್ದೀಯಲ್ಲ ಎಂದು ರೇಗಿ, ತೊಟ್ಟಿಗೆ ಲೋಟ ಅದ್ದಿ ಒಂದು ಗುಟುಕು ಕುಡಿದು, ಅಂಗಳದವರೆಗೂ ಓಡಿ ಉಗುಳಿದ. ಮರುದಿನ ಗಲ್ಲಿಯಲ್ಲಿ ಸುದ್ದಿಯಾಯಿತು: ಯಾರೂ ಕೇಳದಿರಲಿ ಅಂತಲೇ ಮಾಣಿಕ ನೀರಿಗೆ ಉಪ್ಪು ಕಲಸಿದ್ದಾನೆ. ಅವಮಾನ ತಾಳದೆ ಮಾಣಿಕ ಅವತ್ತಿನಿಂದ ಫಿಲ್ಟರ್ ಬಂದ್ ಮಾಡಿದ್ದ. ನೀರು ಇಳಿದದ್ದು ಹಾಗೆ.

ಆ ದಿನ ಬುದ್ಧ ಪೂರ್ಣಿಮೆ, ಕಾಲೇಜಿಗೆ ರಜೆ. ಬೆಳಿಗ್ಗೆ ನೋಡಿದರೆ ಹವಳ ತನ್ನ ಎಳೆಗಳನ್ನೆಲ್ಲ ಒಳಗೆ ಎಳೆದುಕೊಂಡು ಮುದುಡಿತ್ತು. ಭಾಲ್ಕಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಗೆಳೆಯ ಮಕ್ಬೂಲನಿಗೆ ಮಾಣಿಕ ಫೋನು ಮಾಡಿದ. ಬ್ಯಾಟರಿಗೆ ಹಾಕುವ ಶುದ್ಧ ನೀರು ಎರಡು ಕ್ಯಾನು ತೆಗೆದಿಡುತ್ತೇನೆ, ಬಂದು ಒಯ್ಯಿ ಅಂದ ಮಕ್ಬೂಲ. ಕರೆಂಟು ಹೋದರೆ ತೊಟ್ಟಿಯ ಪಂಪನ್ನು ಇನ್ವರ್ಟರಿಗೆ ಹಚ್ಚಲು ಯಾರಾದರೂ ಬೇಕಲ್ಲ ಎಂದು ಮಾಣಿಕ ಪಕ್ಕದ ಮನೆಯ ಸುಭದ್ರಾಬಾಯಿಗೆ ಕೀಲಿ ಕೊಟ್ಟ. ಅವನ ಮುಖ ನೋಡಿ ಆಕೆ ಏನಾಯಿತೆಂದು ಕೇಳಿದಳು.

"ನೀರು ಇಳದಾವ ಮಾವಶಿ. ಇವತ್ತ ನೀರು ಬೀಳಲಿಲ್ಲಂದ್ರ ಸಾಯ್ತಾವ."

"ಬರೇ ನೀರು ಹಾಕಿದ್ರ ಸಾಕೇನಪಾ?"

"ನೀರು ಸಾಕು. ಬ್ಯಾರೆ ಏನೂ ಬ್ಯಾಡ," ಎಂದು ಮಾಣಿಕ ಬಸ್ಸಿಗೆ ಓಡಿದ.

ಭಾಲ್ಕಿಯಲ್ಲಿ ಎರಡು ಕ್ಯಾನು ಸಿಕ್ಕವು. ಬಸ್ ಸ್ಟ್ಯಾಂಡಿನಲ್ಲಿ ಹೈದರಾಬಾದಿಗೆ ದುಡಿಯಲು ಹೊರಟ ಸಂಸಾರಗಳು ಗಂಟುಮೂಟೆ, ಒಲೆ, ಕೋಳಿಬುಟ್ಟಿ ಸಮೇತ ನೆಲದ ಮೇಲೆ ಕುಳಿತಿದ್ದವು. ಒಬ್ಬ ಹೆಂಗಸು ಕೂಸಿನ ಬಾಟಲಿ ಮುಂದೆ ಹಿಡಿದಳು. ಇದು ಬ್ಯಾಟರಿ ನೀರು, ಕುಡಿಯುವುದಲ್ಲ ಎಂದು ಮಾಣಿಕ ತಿಳಿಸಿ ಹೇಳಿದ. ಆಕೆಯ ಪಕ್ಕದಲ್ಲಿದ್ದ ಒಬ್ಬ ಮುದುಕ ಅವನನ್ನು ದಿಟ್ಟಿಸಿ ನೋಡಿದ.

"ಬ್ಯಾಟರಿ ಇದನ್ನ ಕುಡದು ಗಾಡಿ ಎಳಿತದ. ನಾವು ಕುಡದ್ರ ಏನಾಗ್ತದ್ರಿ?"

ಮಾಣಿಕ ಒಂದು ಕ್ಯಾನು ಕೆಳಗಿಳಿಸಿದ. ಮುಚ್ಚಳ ತೆಗೆದ. ಹತ್ತು ನಿಮಿಷದಲ್ಲಿ ಒಂದು ಕ್ಯಾನು ಖಾಲಿಯಾಯಿತು. ಕುಡಿದವರಲ್ಲಿ ಇಬ್ಬರು ನೀರು ಸಪ್ಪಗಿದೆ ಎಂದು ದೂರಿದರು. ಉಳಿದ ಕ್ಯಾನನ್ನು ತೊಡೆಯ ಮೇಲೆ ಕೂಸಿನ ಹಾಗೆ ಕೂಡಿಸಿಕೊಂಡು ಅವನು ಬೀದರಿನ ಬಸ್ಸು ಹತ್ತಿದ. ಕೊಟ್ಟದ್ದಕ್ಕೆ ಸಮಾಧಾನ, ಇನ್ನೊಂದನ್ನು ಕೊಡದೆ ಉಳಿಸಿಕೊಂಡದ್ದಕ್ಕೆ ನಾಚಿಕೆ. ಇಷ್ಟರಲ್ಲಿ ಹವಳ ಬದುಕೀತೇ ಎಂಬ ಅಂಜಿಕೆ ಬೇರೆ.

ಸಂಜೆ ಮನೆ ಮುಟ್ಟಿದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಕಳ್ಳರು ಬಂದರೇ ಎಂದು ಒಳಗೆ ನುಗ್ಗಿದ. ಕಳ್ಳತನವಾಗಿರಲಿಲ್ಲ. ತೊಟ್ಟಿ ಕಂಠದವರೆಗೆ ತುಂಬಿತ್ತು.

ಸುಭದ್ರಾಬಾಯಿ ನಗುತ್ತ ನಡೆದದ್ದನ್ನು ಹೇಳಿದಳು. ಪ್ರತಿ ವರ್ಷ ಪೂರ್ಣಿಮೆಗೆ ಗಲ್ಲಿಗೆಲ್ಲ ಖೀರು ಹಂಚುವವಳು ಆಕೆ. ಈ ವರ್ಷ ಖೀರಿನ ಮಾತೆಲ್ಲಿ? ಮಧ್ಯಾಹ್ನ ನಳ ಬಂದಾಗ, ಬಾಯಿಲ್ಲದ ಜೀವ ಸಾಯುತ್ತಿದೆ, ಮನೆಗೊಂದು ಕೊಡ ಕೊಡಿ, ಇದೇ ಈ ವರ್ಷದ ದಾನ ಎಂದು ಮನೆಮನೆಗೆ ಹೋಗಿದ್ದಳು. ಹದಿನೆಂಟು ಮನೆಯವರು ಕೊಟ್ಟಿದ್ದರು. ಹಣಮಂತಪ್ಪ ಎರಡು ಕೊಡ ತಂದಿದ್ದ.

ಇಳಿದದ್ದು ನಾಲ್ಕೇ ಬೆರಳಲ್ಲವೇ, ಅಷ್ಟೊಂದು ನೀರು ಎಲ್ಲಿ ಹಿಡಿಯಿತು ಎಂದು ಮಾಣಿಕ ಕೇಳಿದ. ಉತ್ತರ ಕೊಟ್ಟವನು ಹಣಮಂತಪ್ಪ.

"ಕುರಿಗಿ ಉಪ್ಪು ತಿನಿಸಿದ ದಿನ ಎರಡು ಪಟ್ಟು ನೀರು ಕುಡಿತಾವ ತಮ್ಮಾ. ಇವು ಹಗಲು ರಾತ್ರಿ ಉಪ್ಪಿನಾಗೇ ಕುಂತಾವ. ಅದಕ್ಕ ಅರ್ಧಾ ಉಪ್ಪು ನೀರು ತೋಡಿ ಚೆಲ್ಲಿ, ಸಿಹಿ ನೀರು ಹಾಕೀವಿ. ನೀ ಓದಿದಾಂವ, ನಿನಗ ಇಷ್ಟು ತಿಳೀಲಿಲ್ಲ."

ಮಾಣಿಕ ತೊಟ್ಟಿಯ ಹತ್ತಿರ ಹೋದ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು. ಮೀನುಗಳು ಹೇಗೋ ತಡೆದುಕೊಂಡು ಓಡಾಡುತ್ತಿದ್ದವು. ಹವಳದ ನೇರಳೆ ಹೋಗಿತ್ತು. ಕವಲು ಕವಲೂ ಮಾಂಸ ಬಿಟ್ಟ ಎಲುಬಿನ ಹಾಗೆ ಬೆಳ್ಳಗಾಗಿತ್ತು. ಮೂರು ವರ್ಷ ಬೆಳೆದದ್ದು ಮಧ್ಯಾಹ್ನದಿಂದ ಸಂಜೆಯೊಳಗೆ ಮುಗಿದಿತ್ತು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಂಡು ಅಳಬೇಕೆನಿಸಿತು.

"ಕಲ್ಲು ಸೈತ ಎಷ್ಟ ಬೆಳ್ಳಗಾದ್ವು ನೋಡು," ಎಂದಳು ಸುಭದ್ರಾಬಾಯಿ. "ಎಷ್ಟ ದಿನದ ಹೊಲಸು ಹಿಡಿದಿತ್ತೋ ಏನೋ."

ಹಣಮಂತಪ್ಪ ಗಾಜಿನ ಮೇಲೆ ಅಂಗೈ ಇಟ್ಟು ಮೀನುಗಳನ್ನು ನೋಡುತ್ತ ನಿಂತಿದ್ದ. ಮುದುಕನ ಕಣ್ಣುಗಳು ತುಂಬಿದ್ದವು. ಅವನ ಸೊಸೆ ಅವತ್ತು ರಾತ್ರಿಯ ಅಡಿಗೆಗೆ ನೀರು ಹುಡುಕಿಕೊಂಡು ಹೋಗಿದ್ದಾಳೆ ಎಂದು ಯಾರೋ ಹಿಂದಿನಿಂದ ಹೇಳಿದರು.

"ನನ್ನ ಕುರಿಗಿ ಕುಡಸಲಿಕ್ಕ ಆಗಲಿಲ್ಲ. ಇವಾದ್ರೂ ಉಳದ್ವಲ್ಲ ತಮ್ಮಾ?"

ಮಾಣಿಕ ಬಾಯಿ ತೆರೆದ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು.

"ಉಳದ್ವು ಕಾಕಾ," ಅಂದ. "ನಿಮ್ಮಿಂದ ಉಳದ್ವು."

ಹಣಮಂತಪ್ಪನ ಮುಖ ಅರಳಿತು. ಇನ್ನು ನಳ ಬಂದಾಗೆಲ್ಲ ಎರಡು ಕೊಡ ತನ್ನದೇ, ಮರೆಯುವ ಮಾತಿಲ್ಲ ಎಂದ. ಹಿಂದೆ ನಿಂತ ಹೆಂಗಸರಿಗೆ ಬಿಳಿ ಕಲ್ಲು ಸರಿಯಾಗಿ ಕಾಣುತ್ತಿಲ್ಲ, ತೊಟ್ಟಿಯ ದೀಪ ಹಾಕು ಎಂದೂ ಹೇಳಿದ. ಮಾಣಿಕ ಹೋಗಿ ದೀಪ ಹಾಕಿದ.